ಒಲೆಯಿಂದ ಹಾಸಿಗೆಗೆ ಹದಿನಾಲ್ಕು ಮೀಟರ್

ನೆಲದ ಮೇಲೆ ಮನೆ ಇದ್ದವರಿಗೆ ಚಳಿ ಎಂದರೆ ಹವಾಮಾನ. ದೋಣಿಯಲ್ಲಿ ಮನೆ ಮಾಡಿದವರಿಗೆ ಅದು ವಾರಕ್ಕೊಂದು ಪ್ರಸಂಗ. ನಾನೇನೂ ಹುಡುಕಿಕೊಂಡು ಹೋಗುತ್ತಿರಲಿಲ್ಲ. ಒಲೆ ಹಚ್ಚಿದರೆ ಸಾಕು, ಒಂದಲ್ಲ ಒಂದು ನಡೆಯುತ್ತಿತ್ತು. ಒಂದೇ ಚಳಿಗಾಲದಲ್ಲಿ ನಡೆದ ಕೆಲವನ್ನು ನಡೆದ ಕ್ರಮದಲ್ಲೇ ಬರೆದಿದ್ದೇನೆ.

ಎರಡು ದೇಶ

ಲಂಡನ್ನಿನಲ್ಲಿ ಮನೆ ನಮ್ಮ ಕೈಗೆ ಎಟುಕಲಿಲ್ಲ. ದೋಣಿ ಎಟುಕಿತು. ಪಾರ್ಕ್ ರಾಯಲ್‌ನ ಕಾರ್ಖಾನೆಗಳ ಬೆನ್ನಿಗೇ ಒಂದು ಕಾಲುವೆ ಹಾದುಹೋಗುತ್ತದೆ. ಅದರ ದಡಕ್ಕೆ ಕಟ್ಟಿದ ನ್ಯಾರೋಬೋಟ್‌ನಲ್ಲಿ ನಾನೂ ನನ್ನ ಹೆಂಡತಿಯೂ ಇದ್ದೆವು. ಉದ್ದ ಹದಿನೇಳು ಮೀಟರ್, ಅಗಲ ಎರಡು. ಕಬ್ಬಿಣದ್ದು. ರೈಲಿನ ಬೋಗಿಯೊಂದನ್ನು ಹಿಂಡಿ ನೀರಿಗೆ ಬಿಟ್ಟಂತೆ. ಮುಂದೆ ಕೂರುವ ಕೋಣೆ, ಆಮೇಲೆ ಅಡುಗೆಮನೆ, ಆಮೇಲೆ ಕಕ್ಕಸೂ ಸೇರಿದ ಬಚ್ಚಲು, ಕೊನೆಯಲ್ಲಿ ಮಲಗುವ ಕೋಣೆ. ಒಂದನ್ನು ದಾಟದೆ ಇನ್ನೊಂದಕ್ಕೆ ಹೋಗುವಂತಿಲ್ಲ. ಒಲೆ ಒಂದೇ, ಮುಂಬದಿಯ ಮೂಲೆಯಲ್ಲಿ. ಕಲ್ಲಿದ್ದಲಿನದು. ಇಡ್ಲಿ ಪಾತ್ರೆಗಿಂತ ಸ್ವಲ್ಪ ದೊಡ್ಡದು.

ನಾನು ಮೈಸೂರಿನಲ್ಲಿ ಭೌತಶಾಸ್ತ್ರ ಓದಿದವನು. ಆಗ ಪಾರ್ಕ್ ರಾಯಲ್‌ನ ಒಂದು ಚಟ್ನಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಬಿಸಿ ಇರಬೇಕಾದ್ದು ಬಿಸಿ ಇದೆಯೇ, ತಣ್ಣಗಿರಬೇಕಾದ್ದು ತಣ್ಣಗಿದೆಯೇ ಎಂದು ನೋಡುವುದು. ನವೆಂಬರಿನಲ್ಲಿ ಚಳಿ ಶುರುವಾದ ವಾರ ಐದು ಥರ್ಮಾಮೀಟರ್ ತಂದು ದೋಣಿಯ ಉದ್ದಕ್ಕೂ ಸಮ ಅಂತರದಲ್ಲಿ ತೂಗುಹಾಕಿದೆ. ಒಲೆಯ ಹತ್ತಿರ ಮೂವತ್ತೊಂದು ಡಿಗ್ರಿ. ಆಮೇಲೆ ಇಪ್ಪತ್ತಮೂರು, ಹದಿನೇಳು, ಹನ್ನೆರಡು. ಹಾಸಿಗೆಯ ಹತ್ತಿರ ಒಂಬತ್ತು.

ನನ್ನ ಹೆಂಡತಿ ಧಾರವಾಡದವಳು. ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಪಟ್ಟಿಯನ್ನು ಅವಳಿಗೆ ತೋರಿಸಿದೆ.

"ಒಲಿ ಹತ್ರ ಸ್ವೆಟರ್ ತಗೀಬೇಕು, ಹಾಸಿಗಿ ಹತ್ರ ಎರಡು ಹಾಕ್ಕೋಬೇಕು. ಇದು ಮನಿ ಅಲ್ರಿ, ಎರಡು ದೇಶ" ಎಂದಳು.

"ವ್ಯತ್ಯಾಸ ಇಪ್ಪತ್ತೆರಡು ಡಿಗ್ರಿ" ಎಂದೆ.

"ಅದನ್ನ ತಗೊಂಡು ನಾ ಏನ್ ಮಾಡ್ಲಿ? ಹೊಚ್ಕೊಳ್ಲೇನು?"

ಆಮೇಲೆ ಷರತ್ತು ಹಾಕಿದಳು. ಸಂಕ್ರಾಂತಿಯ ದಿನ ಸಂಜೆ ಆರಕ್ಕೆ ಹಾಸಿಗೆಯ ಹತ್ತಿರ ಹದಿನೆಂಟು ಡಿಗ್ರಿ ಇರಬೇಕು. ಇಲ್ಲದಿದ್ದರೆ ಕೊಲಿಂಡೇಲ್‌ನ ಫ್ಲ್ಯಾಟಿಗೆ ಹೋಗುವುದು. ಫ್ಲ್ಯಾಟನ್ನು ಆಗಲೇ ನೋಡಿ ಬಂದಿದ್ದಳು. ಸಂಕ್ರಾಂತಿಯವರೆಗೆ ಕಾಯಲು ಏಜೆಂಟ್ ಒಪ್ಪಿದ್ದ.

ನನಗೆ ದೋಣಿ ಬಿಡುವ ಮನಸ್ಸಿರಲಿಲ್ಲ. ಬೆಳಗ್ಗೆ ಕಿಟಕಿ ತೆರೆದರೆ ಬಾತುಕೋಳಿ ನನ್ನ ಕಣ್ಣಿನ ಮಟ್ಟಕ್ಕೇ ಇರುತ್ತಿತ್ತು. ಕೊಲಿಂಡೇಲ್‌ನದು ಐದನೆಯ ಮಹಡಿ.

"ಹದಿನೆಂಟೇ ಯಾಕೆ?" ಎಂದು ಕೇಳಿದೆ. ಏನಾದರೂ ವೈದ್ಯಕೀಯ ಕಾರಣ ಇರಬಹುದೆಂದುಕೊಂಡಿದ್ದೆ.

"ಇಪ್ಪತ್ತು ಕೇಳಿದ್ರ ನೀವು ಅಳ್ತೀರಿ" ಎಂದಳು.

ಹಿಟ್ಟಿನ ಸಾಕ್ಷಿ

ಕ್ವೀನ್ಸ್‌ಬರಿಯಲ್ಲಿ ಸಣ್ಣ ಹೋಟೆಲು ನಡೆಸುವ ಕುಂದಾಪುರದವರೊಬ್ಬರಿದ್ದರು. ನಾವು ಅಣ್ಣ ಎನ್ನುತ್ತಿದ್ದೆವು. ನನ್ನ ಪಟ್ಟಿ ನೋಡಿ ಅವರು ತಲೆ ಅಲ್ಲಾಡಿಸಿದರು.

"ಥರ್ಮಾಮೀಟರ್ ಎಂತಕ್ಕೆ ಮಾರಾಯ? ಅದು ನಂಬರ್ ಹೇಳ್ತದೆ. ಬೆಚ್ಚಗಿದೆಯಾ ಇಲ್ವಾ ಅಂತ ಹೇಳುದಿಲ್ಲ. ಇಡ್ಲಿ ಹಿಟ್ಟು ಇಟ್ಟು ನೋಡು. ಉಬ್ಬಿದ್ರೆ ಮನೆ, ಉಬ್ಬದಿದ್ರೆ ಗೋಡೌನು."

ಈ ವಿಧಾನ ನನಗೆ ಒಪ್ಪಿಗೆಯಾಯಿತು. ಹಿಟ್ಟು ರುಬ್ಬಿ, ಒಂದೇ ಅಳತೆಯ ಐದು ಸ್ಟೀಲ್ ಡಬ್ಬಿಗಳಿಗೆ ಸಮನಾಗಿ ತೂಗಿ ಹಾಕಿ, ಸಂಖ್ಯೆ ಅಂಟಿಸಿ, ಐದು ಥರ್ಮಾಮೀಟರುಗಳ ಕೆಳಗೆ ಇಟ್ಟು ಇಬ್ಬರೂ ಕೆಲಸಕ್ಕೆ ಹೋದೆವು.

ಸಂಜೆ ಬಂದು ನೋಡಿದರೆ ಒಂದನೆಯ ಡಬ್ಬಿ ಮುಚ್ಚಳ ಎತ್ತಿಹಾಕಿತ್ತು. ಹಿಟ್ಟು ಹೊರಗೆ ಬಂದು, ಶೆಲ್ಫಿನಿಂದ ಇಳಿದು, ಒಲೆಯ ತಲೆಯ ಮೇಲೆ ಹರಡಿ ದೋಸೆಯಾಗಿತ್ತು. ಎರಡನೆಯದು ಸರಿಯಾಗಿ ಉಬ್ಬಿತ್ತು. ಮೂರನೆಯದು ಅರ್ಧ. ನಾಲ್ಕನೆಯದು ಈಗ ತಾನೇ ರುಬ್ಬಿದಂತಿತ್ತು. ಐದನೆಯದು ಹಾಸಿಗೆಯ ಪಕ್ಕದ್ದು. ಹೆಂಡತಿ ಅದರೊಳಗೆ ಬೆರಳು ಅದ್ದಿ ತೆಗೆದಳು.

"ಇದನ್ನ ಫ್ರಿಜ್‌ನಾಗ ಇಡ್ರಿ, ಸ್ವಲ್ಪ ಬೆಚ್ಚಗಾಗಲಿ."

ಫ್ರಿಜ್ ನಾಲ್ಕು ಡಿಗ್ರಿ, ಕೋಣೆ ಒಂಬತ್ತು ಎಂದು ತಿದ್ದಿದೆ. ಅವಳು ಬೆರಳು ತೊಳೆಯಲು ಹೋದಳು.

ಫಲಿತಾಂಶವನ್ನು ಅಣ್ಣನಿಗೆ ಫೋನಿನಲ್ಲಿ ವರದಿ ಮಾಡಿದೆ. ಎರಡು, ಮೂರು, ನಾಲ್ಕು, ಐದನ್ನು ಅವರು ಕೇಳಿಸಿಕೊಳ್ಳಲೇ ಇಲ್ಲ.

"ಆ ಒಂದನೆಯದ್ದು. ದೋಸೆ ಹೇಗೆ ಬಂದಿತ್ತು?"

"ಒಂದು ಬದಿ ಸೀದಿತ್ತು."

"ಒಲೆದು ಎಂತ ತಪ್ಪಿಲ್ಲ ಮಾರಾಯ. ತಿರುಗಿಸ್ಲಿಕ್ಕೆ ಜನ ಇಲ್ಲ, ಅಷ್ಟೇ."

ಫ್ಯಾನು

ನಮ್ಮ ಪಕ್ಕದ ದೋಣಿಯಲ್ಲಿ ಒಬ್ಬ ಮುದುಕ ಇದ್ದ. ಇಂಗ್ಲಿಷಿನವನು. ಅವನೂ ಅವನ ನಾಯಿಯೂ ಬಹಳ ವರ್ಷಗಳಿಂದ ಕಾಲುವೆಯಲ್ಲೇ ಇದ್ದರು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ.

ಅವನ ಒಲೆಯ ಮೇಲೆ ಒಂದು ಸಣ್ಣ ಫ್ಯಾನು ಇತ್ತು. ವಿದ್ಯುತ್ ಬೇಡ, ಒಲೆಯ ಶಾಖಕ್ಕೇ ತಿರುಗುತ್ತದೆ. ಕೊಳ್ಳುವ ಮೊದಲು ಅವನನ್ನು ವಿಚಾರಿಸಿದೆ.

"ಇದು ಕೆಲಸ ಮಾಡುತ್ತದೆಯೇ?"

"ತಿರುಗುತ್ತದೆ."

"ಶಾಖ ಹಿಂದಿನ ಕೋಣೆಯವರೆಗೆ ಹೋಗುತ್ತದೆಯೇ?"

ಅವನು ಫ್ಯಾನನ್ನು ಒಂದು ನಿಮಿಷ ನೋಡಿದ. "ತುಂಬ ಚೆನ್ನಾಗಿ ತಿರುಗುತ್ತದೆ."

ಕೊಂಡೆ. ಒಂದು ವಾರ ಅಳೆದೆ. ಹಾಸಿಗೆಯ ಹತ್ತಿರ ಅರ್ಧ ಡಿಗ್ರಿ ಏರಿತು. ದಡದ ಮೇಲೆ ಸಿಕ್ಕಾಗ ಅವನಿಗೆ ಹೇಳಿದೆ: "ತಿರುಗುತ್ತದೆ."

"ಹೇಳಿದೆನಲ್ಲ" ಎಂದ.

ಊದಿನಕಡ್ಡಿ

ಬಿಸಿಗಾಳಿ ಎಲ್ಲಿಯವರೆಗೆ ಹೋಗಿ ಎಲ್ಲಿ ನಿಲ್ಲುತ್ತದೆ ಎಂದು ತಿಳಿಯಬೇಕಿತ್ತು. ಗಾಳಿ ಕಾಣುವುದಿಲ್ಲ, ಹೊಗೆ ಕಾಣುತ್ತದೆ. ಮನೆಯಲ್ಲಿ ಊದಿನಕಡ್ಡಿ ಇತ್ತು.

ಒಂದು ಶನಿವಾರ ಬೆಳಗ್ಗೆ ಮೂರು ಕಡ್ಡಿ ಹಚ್ಚಿ ಒಲೆಯ ಹತ್ತಿರದಿಂದ ಶುರುಮಾಡಿದೆ. ಮೀಟರಿಗೊಂದು ಸಲ ನಿಲ್ಲುವುದು. ಕಡ್ಡಿಯನ್ನು ಮೊದಲು ಚಾವಣಿಗೆ ಹಿಡಿಯುವುದು, ಆಮೇಲೆ ಎದೆಯ ಮಟ್ಟಕ್ಕೆ, ಆಮೇಲೆ ಬಗ್ಗಿ ನೆಲಕ್ಕೆ. ಪ್ರತಿ ಸಲ ಹತ್ತರವರೆಗೆ ಎಣಿಸುವುದು. ಎಣಿಸುವಾಗ ನನ್ನ ತುಟಿ ಅಲ್ಲಾಡುತ್ತದೆ. ಸ್ನಾನ ಆಗಿತ್ತು. ಒಲೆಯ ಬದಿ ಸೆಖೆಯಾದ್ದರಿಂದ ಅಂಗಿ ಹಾಕಿರಲಿಲ್ಲ.

ಒಳ್ಳೆಯ ಮಾಹಿತಿ ಸಿಕ್ಕಿತು. ಬಿಸಿಗಾಳಿ ಚಾವಣಿಗೆ ಅಂಟಿಕೊಂಡು ಹಿಂದಕ್ಕೆ ಹೋಗುತ್ತಿತ್ತು. ಬಚ್ಚಲಿನ ಬಾಗಿಲಿನ ಮೇಲೊಂದು ಅಡ್ಡಹಲಗೆ ಇತ್ತು. ಹೊಗೆ ಅಲ್ಲಿ ಬಡಿದು ವಾಪಸು ಬರುತ್ತಿತ್ತು. ನೆಲದ ಮೇಲೆ ಮಾತ್ರ ತಣ್ಣನೆಯ ಗಾಳಿ ಮಲಗುವ ಕೋಣೆಯಿಂದ ಒಲೆಯ ಕಡೆಗೆ ನಿಧಾನವಾಗಿ ಹರಿದುಬರುತ್ತಿತ್ತು.

ಇದನ್ನು ಬರೆದುಕೊಳ್ಳುವಷ್ಟರಲ್ಲಿ ಹೊಗೆಯ ಅಲಾರಂ ಹೊಡೆದುಕೊಳ್ಳತೊಡಗಿತು. ಕೈಗೆ ಸಿಕ್ಕ ಸ್ಟೀಲ್ ತಟ್ಟೆಯಿಂದ ಅದರ ಮುಂದೆ ಗಾಳಿ ಬೀಸಿದೆ. ಇನ್ನೊಂದು ಕೈಯಲ್ಲಿ ಕಡ್ಡಿ ಇತ್ತು. ತಿರುಗಿ ನೋಡಿದರೆ ಕಿಟಕಿಯ ಆಚೆ ಪಕ್ಕದ ಮುದುಕ ನಿಂತಿದ್ದ. ಟೋಪಿ ತೆಗೆದು ಎದೆಗೆ ಹಿಡಿದುಕೊಂಡಿದ್ದ. ನಾಯಿಯೂ ಕೂತಿತ್ತು.

ಅಲಾರಂ ನಿಂತ ಮೇಲೆ ಬಾಗಿಲು ತಟ್ಟಿದ.

"ಮುಗಿಯಿತೇ?"

"ಮುಗಿಯಿತು."

"ನಮ್ಮ ದೋಣಿಗೂ ಮಾಡಬಹುದೇ? ಎರಡು ವಾರದಿಂದ ಇಂಜಿನ್ ಹತ್ತುತ್ತಿಲ್ಲ."

ಅವನನ್ನು ಕೂರಿಸಿ, ಬಿಸಿಗಾಳಿ ಹಗುರ, ತಣ್ಣನೆಯ ಗಾಳಿ ಭಾರ ಎಂಬಲ್ಲಿಂದ ಶುರುಮಾಡಿ ಹತ್ತು ನಿಮಿಷ ವಿವರಿಸಿದೆ. ಕಾಗದದ ಮೇಲೆ ಬಾಣದ ಗುರುತು ಹಾಕಿಯೂ ತೋರಿಸಿದೆ. ಅವನು ಒಂದು ಮಾತೂ ತಪ್ಪದೆ ಕೇಳಿಸಿಕೊಂಡ.

"ಸರಿ" ಎಂದ. "ಎಷ್ಟು ಹೊತ್ತಿಗೆ ಬರುತ್ತೀರಿ?"

ಒಳಗಿನಿಂದ ಹೆಂಡತಿ ಕನ್ನಡದಲ್ಲಿ ಹೇಳಿದಳು: "ಹೋಗಿ ಬರ್ರಿ. ಪಾಪ, ಟೋಪಿ ತಗದು ಕೇಳ್ಲಿಕ್ಕೆ ಹತ್ಯಾರ."

ಹೋದೆ. ಹೇಗೂ ಹೋದದ್ದಕ್ಕೆ ಅವನ ದೋಣಿಯ ಗಾಳಿಯ ಚಲನೆಯನ್ನೂ ಬರೆದುಕೊಂಡೆ. ಮರುದಿನ ಬೆಳಗ್ಗೆ ಅವನ ಇಂಜಿನ್ ಹತ್ತಿತು. ಆಮೇಲೆ ತಿಳಿಯಿತು, ಹಿಂದಿನ ಸಂಜೆ ಹೊಸ ಬ್ಯಾಟರಿ ಹಾಕಿದ್ದನಂತೆ.

"ಹಾಗಾದರೆ ಹತ್ತಿದ್ದು ಬ್ಯಾಟರಿಯಿಂದ" ಎಂದೆ.

ಅವನು ನನ್ನ ಭುಜ ತಟ್ಟಿದ. "ಬ್ಯಾಟರಿ ಹೋದ ವಾರವೂ ಬದಲಾಯಿಸಿದ್ದೆ."

ಡಾಕ್ಟರ ಪರೀಕ್ಷೆ

ಅಡ್ಡಹಲಗೆ ಕಳಚಿದೆ. ಹಾಸಿಗೆಯ ಹತ್ತಿರ ಹದಿಮೂರಾಯಿತು. ಬಚ್ಚಲಿನ ಬಾಗಿಲನ್ನೂ ತೆರೆದಿಟ್ಟರೆ ಹದಿನಾಲ್ಕೂವರೆ. ಯಾರಾದರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಮತ್ತೆ ಇಳಿಯುತ್ತಿತ್ತು. ಎಷ್ಟು ಇಳಿಯುತ್ತದೆ ಎಂದು ತಿಳಿಯಲು, ನಿಮಿಷಕ್ಕೊಮ್ಮೆ ತಾನೇ ಅಳೆದು ಬರೆದುಕೊಳ್ಳುವ ಸಣ್ಣ ಯಂತ್ರವೊಂದನ್ನು ಹಾಸಿಗೆಯ ಬಳಿ ಇಟ್ಟೆ. ಎರಡು ವಾರದ ಗ್ರಾಫನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದೆ.

ಭಾನುವಾರ ಹೆಂಡತಿಯ ಆಸ್ಪತ್ರೆಯ ಡಾಕ್ಟರೊಬ್ಬರು ಚಹಾಕ್ಕೆ ಬಂದರು. ಮೈಸೂರಿನವರು, ನನ್ನ ತಂದೆಯ ವಯಸ್ಸು. ಹೊಟ್ಟೆಯ ಕಾಯಿಲೆಗಳ ತಜ್ಞರು. ಕಪ್ಪು ಹಿಡಿದುಕೊಂಡು ಗ್ರಾಫಿನ ಮುಂದೆ ನಿಂತರು.

"ಇದು ಯಾರದು?"

"ಮಲಗುವ ಕೋಣೆಯದು ಸಾರ್."

"ದಿನಾ ಬೆಳಗ್ಗೆ ಆರೂವರೆಗೆ ಇಲ್ಲೊಂದು ಇಳಿತ ಇದೆಯಲ್ಲ. ಎಂಟು ನಿಮಿಷ."

"ಅವಳು ಬಚ್ಚಲಿಗೆ ಹೋಗುವ ಸಮಯ. ಬಾಗಿಲು ಮುಚ್ಚಿರುತ್ತದೆ."

"ಸರಿ. ಇದು ಏಳು ಹತ್ತಕ್ಕೆ. ಮೂವತ್ತೈದು ನಿಮಿಷ."

ನಾನು ಅವರ ಕಪ್ಪಿಗೆ ಇನ್ನಷ್ಟು ಚಹಾ ಹಾಕಿದೆ.

"ಅದು ಇವರದು" ಎಂದಳು ಹೆಂಡತಿ.

ಡಾಕ್ಟರು ಕನ್ನಡಕ ಹಾಕಿಕೊಂಡರು. "ದಿನಾ ಹೀಗೇನಾ?"

"ಶನಿವಾರ ನಲವತ್ತು ಮುಟ್ಟತದ್ರಿ ಸರ್. ನೋಡ್ರಿ ಇಲ್ಲೆ, ಹದಿನಾಲ್ಕೂವರೆಯಿಂದ ಹನ್ನೆರಡಕ್ಕ ಬಂದದ."

"ಎಷ್ಟು ನೀರು ಕುಡೀತೀಯಪ್ಪ?" ಎಂದು ಡಾಕ್ಟರು ನನ್ನನ್ನು ಕೇಳಿದರು. ಆಮೇಲೆ ತರಕಾರಿ ಎಷ್ಟು, ಹಣ್ಣು ಎಷ್ಟು, ಕೂತ ಕೆಲಸವೋ ನಿಂತ ಕೆಲಸವೋ ಎಂದು ವಿಚಾರಿಸಿ, ಗ್ರಾಫಿನ ಅಂಚಿನಲ್ಲೇ ಬರೆದುಕೊಟ್ಟರು. ದಿನಕ್ಕೆ ಎರಡು ಲೀಟರ್ ನೀರು, ಸಂಜೆ ಪಪ್ಪಾಯಿ. ಹೊರಡುವಾಗ ಹದಿನೈದು ದಿನ ಬಿಟ್ಟು ಇನ್ನೊಂದು ಗ್ರಾಫ್ ಕಳಿಸಲು ಹೇಳಿದರು.

ಸಲಹೆಯನ್ನು ಪಾಲಿಸಿದೆ. ಮೂವತ್ತೈದು ನಿಮಿಷ ಹನ್ನೆರಡಕ್ಕೆ ಇಳಿಯಿತು. ಬಾಗಿಲು ಹೆಚ್ಚು ಹೊತ್ತು ತೆರೆದಿದ್ದರಿಂದ ಕೋಣೆಯ ಬೆಳಗಿನ ಸರಾಸರಿ ಮುಕ್ಕಾಲು ಡಿಗ್ರಿ ಏರಿತು. ಫ್ಯಾನಿನಿಂದ ಆದದ್ದು ಅರ್ಧ. ಪಪ್ಪಾಯಿಯಿಂದ ಕೋಣೆ ಬಿಸಿಯಾದ ಉದಾಹರಣೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಕೊಲಿಂಡೇಲ್

ಕ್ರಿಸ್‌ಮಸ್ ರಜೆಯಲ್ಲಿ ಕೊನೆಯ ಉಪಾಯ ಮಾಡಿದೆ. ಬಿಸಿಗಾಳಿಯನ್ನು ಹಿಂದಕ್ಕೆ ತಳ್ಳುವ ಬದಲು ಹಿಂದಿನ ತಣ್ಣನೆಯ ಗಾಳಿಯನ್ನು ಮುಂದಕ್ಕೆ ಎಳೆಯುವುದು. ಮಲಗುವ ಕೋಣೆಯ ನೆಲದಿಂದ ಒಲೆಯವರೆಗೆ ಒಂದು ಕೊಳವೆ ಹಾಸಿ, ತುದಿಗೆ ಹಳೆಯ ಕಂಪ್ಯೂಟರಿನ ಫ್ಯಾನು ಕೂರಿಸಿದೆ. ತಣ್ಣನೆಯದು ಹೊರಟ ಜಾಗಕ್ಕೆ ಬಿಸಿಯದು ಚಾವಣಿಯಿಂದ ತಾನೇ ಬಂತು. ಹದಿನಾರೂವರೆ ಆಯಿತು. ಅಲ್ಲಿಗೆ ನಿಂತಿತು. ಏನು ಮಾಡಿದರೂ ಮುಂದಕ್ಕೆ ಹೋಗಲಿಲ್ಲ.

ಜನವರಿಯ ಮೊದಲ ಶನಿವಾರ ಫ್ಲ್ಯಾಟನ್ನು ಇನ್ನೊಮ್ಮೆ ನೋಡಿ ಬರೋಣ ಎಂದಳು ಹೆಂಡತಿ. ನಾನು ಐದೂ ಥರ್ಮಾಮೀಟರುಗಳನ್ನು ಚೀಲಕ್ಕೆ ಹಾಕಿಕೊಂಡೆ.

ಏಜೆಂಟ್ ತೆಳ್ಳಗಿನ ಟೈ ಕಟ್ಟಿದ ಯುವಕ. ಲಿಫ್ಟಿನಲ್ಲಿ ಬಾಲ್ಕನಿಯ ಬಗ್ಗೆ ಹೇಳಿದ. ಒಳಗೆ ಹೋದವನೇ ನಾನು ಹಾಲಿನಲ್ಲಿ ಒಂದು, ಅಡುಗೆಮನೆಯಲ್ಲಿ ಒಂದು, ಬಚ್ಚಲಿನಲ್ಲಿ ಒಂದು, ಎರಡು ಕೋಣೆಗಳಲ್ಲಿ ಒಂದೊಂದು ತೂಗುಹಾಕಿ ಹದಿನೈದು ನಿಮಿಷ ಕಾದೆ. ಇಪ್ಪತ್ತು. ಇಪ್ಪತ್ತು. ಇಪ್ಪತ್ತು. ಇಪ್ಪತ್ತು. ಇಪ್ಪತ್ತು.

"ಏನಾದರೂ ತೊಂದರೆಯೇ?" ಎಂದ ಏಜೆಂಟ್.

"ಇಲ್ಲ" ಎಂದೆ. ಹೇಳುವಾಗ ಬೇಸರವಾಯಿತು. ನೆಲದ ಹತ್ತಿರವೂ ಅಳೆದೆ. ಅಲ್ಲೂ ಇಪ್ಪತ್ತು.

ಹೆಂಡತಿ ಏಜೆಂಟನನ್ನು ಕೇಳಿದಳು: "ಬಿಸಿ ಮಾಡಲು ನಾವೇನು ಮಾಡಬೇಕು?"

"ಗೋಡೆಯ ಮೇಲೆ ಗುಂಡಿ ಇದೆ. ಒಮ್ಮೆ ತಿರುಗಿಸಿಟ್ಟರೆ ಆಯಿತು."

"ಆಮೇಲೆ?"

"ಆಮೇಲೆ ಏನೂ ಇಲ್ಲ."

ಅವಳು ಆ ಗುಂಡಿಯನ್ನು ಸ್ವಲ್ಪ ಹೊತ್ತು ನೋಡಿದಳು. ನನ್ನ ಕಥೆ ಮುಗಿಯಿತು ಎಂದುಕೊಂಡೆ.

ವಾಪಸು ಬರುವಾಗ ಟ್ಯೂಬ್ ರೈಲಿನಲ್ಲಿ ಕೇಳಿದಳು: "ಅಲ್ಲೆ ಹೋದ್ರ ದಿನಾ ಸಂಜಿ ಮುಂದ ನೀವು ಏನ್ ಮಾಡ್ತೀರಿ?"

"ಗೊತ್ತಿಲ್ಲ."

"ನನ್ನ ಜೋಡಿ ಮಾತಾಡ್ತೀರೇನು?"

"ಮಾತಾಡುತ್ತೇನೆ."

"ಯಾವುದರ ಬಗ್ಗೆ?"

ಮೂರು ಸ್ಟೇಷನ್ ಕಳೆದರೂ ನನಗೆ ಏನೂ ಹೊಳೆಯಲಿಲ್ಲ.

ಸಂಕ್ರಾಂತಿ

ಆ ದಿನ ಬೆಳಗ್ಗೆ ಕಾಲುವೆಯ ಅಂಚಿನಲ್ಲಿ ನೀರು ಗಟ್ಟಿಯಾಗಿತ್ತು. ಕೆಲಸಕ್ಕೆ ಹೊರಡುವಾಗ ಹಾಸಿಗೆಯ ಹತ್ತಿರ ಹದಿನೈದು. ಸಂಜೆಗೆ ಹೆಚ್ಚೆಂದರೆ ಹದಿನಾರು. ಲೆಕ್ಕ ಸ್ಪಷ್ಟವಿತ್ತು. ಮಧ್ಯಾಹ್ನ ಕಾರ್ಖಾನೆಯ ಹಿತ್ತಲಿನಿಂದ ನಾಲ್ಕು ಖಾಲಿ ರಟ್ಟಿನ ಪೆಟ್ಟಿಗೆ ಆರಿಸಿ ಎತ್ತಿಟ್ಟೆ. ಸಾಮಾನು ತುಂಬಲು ಬೇಕಾಗುತ್ತಿತ್ತು.

ಎಳ್ಳು ಬೆಲ್ಲಕ್ಕೆಂದು ಹೆಂಡತಿ ಮೂವರನ್ನು ಸಂಜೆ ಕರೆದಿದ್ದಳು. ಅಣ್ಣ, ಡಾಕ್ಟರು, ಪಕ್ಕದ ಮುದುಕ. ನಾವಿಬ್ಬರೂ ಹೊರಗೆ ಹೋಗುವಾಗ ಬೀಗದ ಕೈ ಮುದುಕನ ಬಳಿ ಇರುತ್ತಿತ್ತು. ಷರತ್ತು ಮೂವರಿಗೂ ಗೊತ್ತಿತ್ತು. ಎರಡು ತಿಂಗಳಿಂದ ನಾನು ಬೇರೆ ವಿಷಯ ಮಾತಾಡಿರಲಿಲ್ಲ.

ಆರಕ್ಕೆ ಐದು ನಿಮಿಷ ಇದ್ದಾಗ ಪೆಟ್ಟಿಗೆಗಳನ್ನು ಹೊತ್ತುಕೊಂಡು ಬಂದೆ. ಅಣ್ಣ, ಮುದುಕ, ಹೆಂಡತಿ ಒಲೆಯ ಸುತ್ತ ಕೂತಿದ್ದರು. ಪೆಟ್ಟಿಗೆ ಎಂತಕ್ಕೆ ಎಂದು ಅಣ್ಣ ಕೂಡ ಕೇಳಲಿಲ್ಲ. ಎಲ್ಲರೂ ಚಹಾ ನೋಡುತ್ತಿದ್ದರು.

"ಆರು ಆತು. ನೋಡಿ ಬರ್ರಿ" ಎಂದಳು ಹೆಂಡತಿ.

ಹೋದೆ. ಮಲಗುವ ಕೋಣೆಯಲ್ಲಿ ಡಾಕ್ಟರು ಒಬ್ಬರೇ ಕೋಟು ಹಾಕಿಕೊಂಡು ಹಾಸಿಗೆಯ ತುದಿಯಲ್ಲಿ ಕೂತಿದ್ದರು.

"ಏನು ಸಾರ್, ಇಲ್ಲಿ?"

"ಸುಮ್ಮನೆ ಕೂತೆ. ಮನುಷ್ಯನ ದೇಹ ಅಂದ್ರೆ ಸುಮಾರು ನೂರು ವ್ಯಾಟಿನ ಹೀಟರ್ ಇದ್ದ ಹಾಗೆ. ನಾನು ಸ್ವಲ್ಪ ಹೆಚ್ಚೇ ಇರಬೇಕು" ಎಂದು ಹೊಟ್ಟೆಯ ಮೇಲೆ ಕೈ ಆಡಿಸಿಕೊಂಡರು.

ದಿಂಬಿನ ಪಕ್ಕದ ಥರ್ಮಾಮೀಟರ್ ನೋಡಿದೆ. ಮೂವತ್ತೊಂದು.

ಊಹಿಸದ ಅಂಕಿ ಬಂದರೆ ಮೊದಲು ಉಪಕರಣವನ್ನು ಪರೀಕ್ಷಿಸಬೇಕು. ಅಡುಗೆಮನೆಯಿಂದ ಇನ್ನೊಂದು ತಂದು ಇಟ್ಟೆ. ಅದೂ ನಿಧಾನವಾಗಿ ಏರಿ ಮೂವತ್ತೊಂದಕ್ಕೆ ಬಂತು. ಉಪಕರಣ ಸರಿಯಿದ್ದರೆ ಮೂಲವನ್ನು ಹುಡುಕಬೇಕು. ರಜಾಯಿ ಎತ್ತಿದೆ. ಎಡಗಡೆ ದಪ್ಪ ಟವಲು ಸುತ್ತಿದ ದೊಡ್ಡ ಪಾತ್ರೆಯಲ್ಲಿ ಸಿಹಿ ಹುಗ್ಗಿ, ಇನ್ನೂ ಹಬೆಯಾಡುತ್ತಿತ್ತು. ಬಲಗಡೆ ಹಳೆಯ ಕಂಬಳಿಯ ತುಂಡಿನಲ್ಲಿ ಸುತ್ತಿದ ಒಂದು ಇಟ್ಟಿಗೆ, ಒಲೆಯಲ್ಲಿ ಕಾಯಿಸಿದ್ದು. ದಿಂಬು ಎತ್ತಿದೆ. ಅದರ ಕೆಳಗೆ ಬಿಸಿನೀರಿನ ರಬ್ಬರ್ ಚೀಲ. ಅದು ನಮ್ಮ ಮನೆಯದೇ.

ಮೂರನ್ನೂ ಎತ್ತಿಕೊಂಡು ಮುಂದಕ್ಕೆ ಬಂದೆ.

"ಹುಗ್ಗಿ ತಣಿಯಬಾರ್ದು ಅಂತ ಇಟ್ಟೆ ಮಾರಾಯ. ಬೇರೆ ಎಂತದೂ ಇಲ್ಲ" ಎಂದರು ಅಣ್ಣ.

"ಇಟ್ಟಿಗೆ ನನ್ನದು" ಎಂದ ಮುದುಕ. "ನೀವು ಹೋದರೆ ನನ್ನ ಇಂಜಿನ್ ಯಾರು ನೋಡುತ್ತಾರೆ?"

ರಬ್ಬರ್ ಚೀಲವನ್ನು ಹೆಂಡತಿಗೆ ತೋರಿಸಿದೆ.

"ಕಾಲಿಗೆ ಅಂತ ಇಟ್ಟಿದ್ದೆ" ಎಂದಳು.

"ದಿಂಬಿನ ಕೆಳಗಿತ್ತು."

"ಹೌದು."

ವಿಚಾರಿಸಿದಾಗ ತಿಳಿಯಿತು. ಮುದುಕ ನಾಲ್ಕಕ್ಕೆ ಬಂದು ಇಟ್ಟು ಹೋಗಿದ್ದ. ಅಣ್ಣ ನಾಲ್ಕೂವರೆಗೆ, ಅವನಿಂದ ಬೀಗದ ಕೈ ಇಸಿದುಕೊಂಡು. ಹೆಂಡತಿ ಐದಕ್ಕೆ, ಆಸ್ಪತ್ರೆಯಿಂದ ಬಂದವಳೇ. ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಮೊದಲೇ ಮಾತಾಡಿಕೊಂಡಿದ್ದರೆ ಹದಿನೆಂಟಕ್ಕೇ ನಿಲ್ಲಿಸಬಹುದಿತ್ತು.

"ಈ ಅಳತೆಯನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ" ಎಂದೆ. "ಎಲ್ಲ ತೆಗೆದು, ಒಂದು ಗಂಟೆ ಬಿಟ್ಟು, ಮತ್ತೆ ಅಳೆಯಬೇಕು."

ಹಿಂದಿನ ಕೋಣೆಯಿಂದ ಡಾಕ್ಟರ ದನಿ ಬಂತು: "ಸುಮ್ಮನಿರಪ್ಪ."

"ನಾ ಏನ್ ಹೇಳಿದ್ದೆ?" ಎಂದಳು ಹೆಂಡತಿ. "ಸಂಕ್ರಾಂತಿ ದಿವಸ ಆರಕ್ಕ ಹದಿನೆಂಟು ಇರಬೇಕು ಅಂದಿದ್ದೆ. ಹೆಂಗ ಆಗಬೇಕು ಅಂತ ಹೇಳಿದ್ದೆನೇನು?"

"ಇಲ್ಲ."

"ಈಗ ಎಷ್ಟದ?"

"ಮೂವತ್ತೊಂದು."

"ಮತ್ತ?"

ಅವಳು ಅ‍ಲ್ಲೇ ಕೂತು ಏಜೆಂಟನಿಗೆ ಫೋನ್ ಮಾಡಿದಳು. ಫ್ಲ್ಯಾಟು ಬೇಡ ಎಂದಳು. ಅವನು ಕಾರಣ ಕೇಳಿರಬೇಕು.

"ನಿಮ್ಮದು ಬರೀ ಇಪ್ಪತ್ತು ಡಿಗ್ರಿ" ಎಂದಳು ಇಂಗ್ಲಿಷಿನಲ್ಲಿ, ಬಹಳ ಸೌಜನ್ಯದಿಂದ. "ಅಷ್ಟು ಚಳಿ ನಮಗೆ ಆಗಿಬರುವುದಿಲ್ಲ."

ಫೋನ್ ಕೆಳಗಿಟ್ಟು ನನ್ನ ಕೈಯಿಂದ ಹುಗ್ಗಿಯ ಪಾತ್ರೆ ತೆಗೆದುಕೊಂಡಳು.

"ಹಾಸಿಗಿ ಕಡೆ ಕಿಟಕಿ ಒಂಚೂರು ತಗೀರಿ. ಡಾಕ್ಟರಿಗೆ ಶೆಕಿ ಆಗಿರಬೇಕು."

ಹೊರಗೆ ಎರಡು ಡಿಗ್ರಿ ಇತ್ತು. ಹೋಗಿ ಕಿಟಕಿ ತೆಗೆದೆ.